ಗುರಿ ತಪ್ಪುತ್ತಿದ್ದ ಗುರಿಕಾರ

1941ರ ಏಪ್ರಿಲ್ ಹೊತ್ತಿಗೆ ಮಾಲ್ಟಾ ದ್ವೀಪದ ಬ್ರಿಟಿಷ್ ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಸಿಂಪ್ಸನ್ ಅವರಿಗೆ ಒಂದು ತಲೆನೋವು ಅಂಟಿಕೊಂಡಿತ್ತು. 'ಅಪ್‌ಹೋಲ್ಡರ್' ಜಲಾಂತರ್ಗಾಮಿಯ ಕಮಾಂಡರ್ ಡೇವಿಡ್ ವಾಂಕ್ಲಿನ್ ಹಾರಿಸಿದ ಟಾರ್ಪೆಡೊಗಳು ಒಂದರ ಹಿಂದೊಂದು ಗುರಿ ತಪ್ಪುತ್ತಿದ್ದವು. ಟಾರ್ಪೆಡೊಗಳಿಗೋ ಬರ. ಇಂಥವನನ್ನು ಇಟ್ಟುಕೊಳ್ಳುವುದೋ, ಬಿಡುವುದೋ?

ಸಿಂಪ್ಸನ್ ಕಾದರು. ಹಾಗೆ ಉಳಿದುಕೊಂಡ ವಾಂಕ್ಲಿನ್, ಎರಡನೆಯ ಮಹಾಯುದ್ಧದಲ್ಲಿ ಅತಿ ಹೆಚ್ಚು ಟನ್ ಹಡಗುಗಳನ್ನು ಮುಳುಗಿಸಿದ ಬ್ರಿಟಿಷ್ ಜಲಾಂತರ್ಗಾಮಿ ಕಮಾಂಡರ್ ಎನಿಸಿಕೊಂಡರು.

ವಾಂಕ್ಲಿನ್ ಹುಟ್ಟಿದ್ದು 1911ರಲ್ಲಿ, ಕಲ್ಕತ್ತೆಯಲ್ಲಿ. ಗಡ್ಡಧಾರಿ, ಮಿತಭಾಷಿ. ಮಾಲ್ಟಾಕ್ಕೆ ಬಂದದ್ದು 1941ರ ಜನವರಿಯಲ್ಲಿ. ಇಟಲಿಯಿಂದ ಲಿಬಿಯಾದ ಟ್ರಿಪೋಲಿಗೆ ಸೈನಿಕರನ್ನೂ ಸರಕನ್ನೂ ಸಾಗಿಸುತ್ತಿದ್ದ ಹಡಗುಗಳನ್ನು ತಡೆಯುವುದು ಅಲ್ಲಿನ ಜಲಾಂತರ್ಗಾಮಿಗಳ ಕೆಲಸ. ಆಫ್ರಿಕದಲ್ಲಿ ರೊಮೆಲ್‌ನ ಸೇನೆ ನಿಂತಿದ್ದೇ ಈ ದಾರಿಯ ಮೇಲೆ.

ಕೆಲಸ ಸುಲಭದ್ದಲ್ಲ. ಪೆರಿಸ್ಕೋಪಿನಲ್ಲಿ ಕ್ಷಣಕಾಲ ಇಣುಕಿ, ಶತ್ರು ಹಡಗಿನ ದೂರ, ವೇಗ, ದಿಕ್ಕು ಮೂರನ್ನೂ ಅಂದಾಜು ಮಾಡಬೇಕು. ಟಾರ್ಪೆಡೊ ತಲುಪುವಷ್ಟರಲ್ಲಿ ಹಡಗು ಮುಂದೆ ಸಾಗಿರುತ್ತದೆ. ಆದ್ದರಿಂದ ಹಡಗು ಇರುವಲ್ಲಿಗಲ್ಲ, ಇರಲಿರುವಲ್ಲಿಗೆ ಗುರಿಯಿಡಬೇಕು. ದೂರ ಹೆಚ್ಚಿದಷ್ಟೂ ತಪ್ಪು ಹೆಚ್ಚು. ಹತ್ತಿರ ಹೋದರೆ ಬೆಂಗಾವಲು ಹಡಗುಗಳ ಬಾಯಿಗೆ ಬಿದ್ದಂತೆ.

1941ರ ಮೇ 24ರ ಸಂಜೆ ಸಿಸಿಲಿಯ ಬಳಿ ವಾಂಕ್ಲಿನ್ ಹತ್ತಿರ ಹೋಗುವುದನ್ನೇ ಆಯ್ದುಕೊಂಡರು. ಶಬ್ದದಿಂದ ಶತ್ರುವನ್ನು ಗುರುತಿಸುವ ಯಂತ್ರ ಕೆಟ್ಟಿತ್ತು. ಅಪ್‌ಹೋಲ್ಡರ್ ಆ ಹೊತ್ತಿಗೆ ಅಕ್ಷರಶಃ ಕಿವುಡು. ಬೆಳಕೂ ಕುಂದುತ್ತಿತ್ತು. ವಿನಾಶಕ ನೌಕೆಯೊಂದು ಮೈಮೇಲೆಯೇ ಬರುವಂತಿದ್ದಾಗಲೂ ತಪ್ಪಿಸಿಕೊಂಡು ಟಾರ್ಪೆಡೊ ಹಾರಿಸಿದರು. 'ಕೊಂತೆ ರೊಸ್ಸೊ' ಎಂಬ ಭಾರಿ ಹಡಗು ಮುಳುಗಿತು. ಅದರಲ್ಲಿದ್ದ 2,700ಕ್ಕೂ ಹೆಚ್ಚು ಜನರಲ್ಲಿ ಸುಮಾರು 1,300 ಮಂದಿ ಸತ್ತರು. ಮುಂದಿನ 20 ನಿಮಿಷಗಳಲ್ಲಿ ಅಪ್‌ಹೋಲ್ಡರ್ ಸುತ್ತ 37 ಸಿಡಿಗುಂಡುಗಳು ನೀರಿಗೆ ಬಿದ್ದವು. ಕಿವಿಯಿಲ್ಲದ ನೌಕೆಯನ್ನು ವಾಂಕ್ಲಿನ್ ಸುರಕ್ಷಿತವಾಗಿ ಮಾಲ್ಟಾಕ್ಕೆ ಮರಳಿಸಿದರು. ಆ ಸಾಹಸಕ್ಕೆ ವಿಕ್ಟೋರಿಯಾ ಕ್ರಾಸ್ ಪದಕ ಘೋಷಣೆಯಾದದ್ದು ಅದೇ ಡಿಸೆಂಬರಿನಲ್ಲಿ.

ಅಷ್ಟರಲ್ಲಿ ಇನ್ನೊಂದು ಪರೀಕ್ಷೆ ಮುಗಿದಿತ್ತು. ಸೆಪ್ಟೆಂಬರ್ 18ರ ರಾತ್ರಿ ಅಪ್‌ಹೋಲ್ಡರ್‌ನ ಗೈರೋ ದಿಕ್ಸೂಚಿ ಕೈಕೊಟ್ಟು, ನೌಕೆ ಅತ್ತಿತ್ತ ಹೊರಳುತ್ತಿತ್ತು. ಆ ಹೊರಳಾಟವನ್ನೇ ಲೆಕ್ಕಕ್ಕೆ ಹಿಡಿದು, ಮೂತಿ ಗುರಿಯತ್ತ ತಿರುಗಿದಾಗಲೆಲ್ಲ ಟಾರ್ಪೆಡೊ ಬಿಟ್ಟರು. ತಲಾ 19,000 ಟನ್ನಿಗೂ ಮಿಕ್ಕಿದ 'ನೆಪ್ಚೂನಿಯಾ' ಮತ್ತು 'ಓಶಿಯಾನಿಯಾ' ಹಡಗುಗಳೆರಡಕ್ಕೂ ಪೆಟ್ಟು ಬಿತ್ತು. ಮೊದಲನೆಯದು ಆ ರಾತ್ರಿಯೇ ಮುಳುಗಿತು. ಎರಡನೆಯದನ್ನು ಬೆಳಗ್ಗೆ ಮುಗಿಸಿದರು. ಈ ಬಾರಿ ಸೈನಿಕರಲ್ಲಿ ಬಹುಪಾಲು ಮಂದಿಯನ್ನು ಬೆಂಗಾವಲು ಹಡಗುಗಳು ಉಳಿಸಿಕೊಂಡವು.

1942ರ ಏಪ್ರಿಲ್‌ನಲ್ಲಿ ಅಪ್‌ಹೋಲ್ಡರ್ 25ನೆಯ ಗಸ್ತಿಗೆ ಹೊರಟಿತು. ಅದಾದ ಮೇಲೆ ಇಂಗ್ಲೆಂಡಿಗೆ ಮರಳುವುದು ನಿಶ್ಚಯವಾಗಿತ್ತು. ಮರಳಲಿಲ್ಲ. ಏಪ್ರಿಲ್ 14ರ ಸುಮಾರಿಗೆ ಟ್ರಿಪೋಲಿಯ ಆಚೆಯ ಕಡಲಿನಲ್ಲಿ ನೌಕೆ ಎಲ್ಲ ನಾವಿಕರೊಂದಿಗೆ ಕಣ್ಮರೆಯಾಯಿತು. ಇಟಲಿಯ 'ಪೆಗಾಸೊ' ನೌಕೆಯ ಸಿಡಿಗುಂಡಿಗೆ ಬಲಿಯಾಯಿತು ಎಂಬುದು ಒಂದು ವಾದ. ಕಡಲ ನೆಲಬಾಂಬಿಗೆ ಸಿಕ್ಕಿತು ಎಂಬುದು ಇನ್ನೊಂದು. ವಾಂಕ್ಲಿನ್‌ಗೆ ಆಗ 30 ವರ್ಷ.

ಮಾಲ್ಟಾದಲ್ಲೇ ಮದುವೆಯಾಗಿದ್ದ ಪತ್ನಿ ಪದಕವನ್ನು ಸ್ವೀಕರಿಸಿದ್ದು 1943ರಲ್ಲಿ. ಕೊಂತೆ ರೊಸ್ಸೊದಲ್ಲಿ ಸತ್ತವರ ಮನೆಗಳಲ್ಲೂ ಆ ಹೊತ್ತಿಗೆ ಎರಡು ವರ್ಷಗಳ ಸೂತಕ ಕಳೆದಿತ್ತು. ಎರಡೂ ಕಡೆಯವರಿಗೆ ಗೋರಿಯೆಂದು ಉಳಿದದ್ದು ಒಂದೇ ಕಡಲು.