ಮುಂಬಯಿಯಲ್ಲಿ ಹಳೆ ವಸ್ತುಗಳ ಮರುಬಾಳು: ಬೋಹಾರೀಣಳಿಂದ ‘ಗೂಂಜ್’ವರೆಗೆ

ಮುಂಬಯಿ ಮತ್ತು ಉಪನಗರಗಳಲ್ಲಿ ಹಳೆಯ ಕಟ್ಟಡಗಳ ಪುನರ್ನಿರ್ಮಾಣವು ಭರದಿಂದ ಸಾಗಿದೆ. ಚೆಂಬೂರು, ಘಾಟ್ಕೋಪರ್, ಮುಲುಂಡ್, ಬೊರಿವಲಿ ಮುಂತಾದೆಡೆ ಮೂರು ನಾಲ್ಕು ದಶಕಗಳಿಂದ ನೆಲೆಸಿರುವ ನಮ್ಮ ಕನ್ನಡಿಗ ಕುಟುಂಬಗಳು ಮನೆ ತೆರವುಗೊಳಿಸಿ ತಾತ್ಕಾಲಿಕವಾಗಿ ಬಾಡಿಗೆ ಮನೆಗೆ ತೆರಳಬೇಕಾದ ಸಂದರ್ಭ ಇಂದು ಸಾಮಾನ್ಯವಾಗಿದೆ. ಆಗ ಅಟ್ಟದ ಮೇಲಿನಿಂದ ಇಳಿದು ಬರುವ ಪಾತ್ರೆ, ಸೀರೆ, ಕಪಾಟು, ಟ್ರಂಕು, ಪುಸ್ತಕಗಳ ರಾಶಿಯನ್ನು ಯಾರಿಗೆ ಕೊಡುವುದು ಎಂಬ ಪ್ರಶ್ನೆ ಮನೆಮಂದಿಯನ್ನು ಕಾಡುತ್ತದೆ. ಈ ನಗರದಲ್ಲಿ ಹಳೆಯ ವಸ್ತುಗಳು ಕ್ರಮಿಸುವ ದಾರಿಗಳನ್ನೂ ಆ ದಾರಿಗಳನ್ನು ಕಾಯ್ದುಕೊಂಡಿರುವ ಜನರನ್ನೂ ಸಂಸ್ಥೆಗಳನ್ನೂ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಏಳು ದ್ವೀಪಗಳನ್ನು ಬೆಸೆದು ಕಟ್ಟಿದ ನಗರವಿದು. ಸುತ್ತ ಸಮುದ್ರ ಹಾಗೂ ಖಾರಿಗಳಿರುವಾಗ ಕಸವನ್ನು ‘ಊರ ಹೊರಗೆ’ ಚೆಲ್ಲುವುದೆಂದರೆ ವಾಸ್ತವದಲ್ಲಿ ಊರೊಳಗೇ ಚೆಲ್ಲಿದಂತೆ. 1927ರಿಂದ ಕಸ ಸುರಿಯಲಾಗುತ್ತಿದ್ದ ದೇವನಾರ್ ಮೈದಾನ ಇದಕ್ಕೆ ಸಾಕ್ಷಿ. ಒಂದು ಕಾಲದಲ್ಲಿ ನಗರದ ಅಂಚಾಗಿದ್ದ ಆ ಸ್ಥಳದ ಸುತ್ತ ಇಂದು ಲಕ್ಷಾಂತರ ಜನರು ವಾಸಿಸುತ್ತಿದ್ದಾರೆ. 2016ರ ಜನವರಿಯಲ್ಲಿ ಅಲ್ಲಿ ಹೊತ್ತಿಕೊಂಡ ಬೆಂಕಿಯ ಹೊಗೆ ದಿನಗಟ್ಟಲೆ ಪೂರ್ವ ಉಪನಗರಗಳನ್ನು ಕವಿದುದು ಚೆಂಬೂರು, ಗೋವಂಡಿ ಪರಿಸರದ ನಮ್ಮವರಿಗೆ ಇನ್ನೂ ಮರೆತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸುಗಳಲ್ಲಿ 944 ಮಿ.ಮೀ. ಮಳೆ ಸುರಿದಾಗ ಮೋರಿಗಳಲ್ಲಿ ಸಿಕ್ಕಿಕೊಂಡಿದ್ದ ಪ್ಲಾಸ್ಟಿಕ್ ಚೀಲಗಳ ಪಾತ್ರವೇನೆಂಬುದೂ ಚರ್ಚೆಗೆ ಬಂದಿತ್ತು. ಮಹಾರಾಷ್ಟ್ರ ಸರಕಾರವು ಪ್ಲಾಸ್ಟಿಕ್ ಚೀಲ ಹಾಗೂ ಥರ್ಮೋಕೋಲ್ ತಟ್ಟೆ-ಲೋಟಗಳ ಮೇಲಿನ ನಿಷೇಧವನ್ನು 2018ರ ಜೂನ್ 23ರಿಂದ ಬಿಗಿಯಾಗಿ ಜಾರಿಗೊಳಿಸಿತು. ನಿಷೇಧ ಎಷ್ಟರಮಟ್ಟಿಗೆ ಫಲ ಕೊಟ್ಟಿದೆ ಎಂಬುದನ್ನು ತರಕಾರಿ ಮಾರುಕಟ್ಟೆಗೆ ಹೋಗಿ ಬರುವವರೇ ಬಲ್ಲರು.

ಹಳೆಯ ವಸ್ತುಗಳ ಮರುಬಳಕೆಯನ್ನು ಈ ನಗರಕ್ಕೆ ಯಾವ ಪರಿಸರ ಸಂಸ್ಥೆಯೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಫಳಫಳಿಸುವ ಸ್ಟೀಲ್ ಪಾತ್ರೆ, ಹೆಗಲಲ್ಲಿ ಬಟ್ಟೆಗಂಟು ಹೊತ್ತು ಮಧ್ಯಾಹ್ನದ ಹೊತ್ತಿಗೆ ಚಾಳಿನ ಮುಂದೆ ಕೂಗುತ್ತ ಬರುತ್ತಿದ್ದ ಹೆಂಗಸನ್ನು ನಮ್ಮ ಹಿರಿಯ ಗೃಹಿಣಿಯರೆಲ್ಲ ಬಲ್ಲರು. ಮರಾಠಿಯಲ್ಲಿ ಆಕೆ ‘ಬೋಹಾರೀಣ’. ಈ ಕಸುಬಿನವರಲ್ಲಿ ಹೆಚ್ಚಿನವರು ಗುಜರಾತ್ ಮೂಲದ ದೇವಿಪೂಜಕ ಸಮುದಾಯದವರು. ಹಳೆಯ ಹೆಸರಾದ ‘ವಾಘರಿ’ ಎಂಬುದನ್ನು ಜನರು ಹೀಯಾಳಿಕೆಯ ಧ್ವನಿಯಲ್ಲಿ ಬಳಸುವುದುಂಟಾದ್ದರಿಂದ ಅವರು ಈಗಿನ ಹೆಸರನ್ನೇ ಇಚ್ಛಿಸುತ್ತಾರೆ. ಹಳೆಯ ಬಟ್ಟೆಗೆ ಪ್ರತಿಯಾಗಿ ಪಾತ್ರೆ ಕೊಡುವುದು ಅವರ ವ್ಯವಹಾರ. ಎರಡು ಪ್ಯಾಂಟು, ಒಂದು ಜರಿ ಸೀರೆಗೆ ಒಂದು ಡಬ್ಬಿಯೇ ಅಥವಾ ಪಾತೇಲಿಯೇ ಎಂಬ ಚೌಕಾಸಿ ಅರ್ಧ ತಾಸು ನಡೆಯುತ್ತಿತ್ತು. ನಮ್ಮ ಎಷ್ಟೋ ಅಡುಗೆಮನೆಗಳಲ್ಲಿರುವ ಡಬ್ಬಿಗಳ ಸಾಲು ಹಾಗೆಯೇ ಕೂಡಿಬಂದದ್ದು.

ಗಂಟು ಕಟ್ಟಿ ಒಯ್ದ ಬಟ್ಟೆಯ ಮುಂದಿನ ಕಥೆ ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಮೊದಲು ವಿಂಗಡಣೆ. ಚೆನ್ನಾಗಿರುವುದನ್ನು ಒಗೆದು, ಗುಂಡಿ ಹೊಲಿದು, ಇಸ್ತ್ರಿ ಮಾಡಿ ಬೀದಿಬದಿಯ ಮಾರಾಟಕ್ಕೆ ಕಳುಹಿಸುತ್ತಾರೆ. ಕಟ್ಟಡದ ಕೂಲಿಯವರು, ಆಗತಾನೆ ಊರಿನಿಂದ ಬಂದಿಳಿದವರು ಅದನ್ನು ಕೊಳ್ಳುತ್ತಾರೆ. ಧರಿಸಲಾಗದ ಹತ್ತಿ ಬಟ್ಟೆಯು ಯಂತ್ರ ಒರೆಸುವ ಚಿಂದಿಯಾಗಿ ಗ್ಯಾರೇಜು, ಕಾರ್ಖಾನೆಗಳನ್ನು ಸೇರುತ್ತದೆ. ಉಣ್ಣೆಯ ಚಿಂದಿಗೆ ಹರಿಯಾಣದ ಪಾಣಿಪತ್‌ನಲ್ಲಿ ದೊಡ್ಡ ಉದ್ಯಮವೇ ಇದ್ದು, ಅಲ್ಲಿ ಅದನ್ನು ಹರಿದು ಮತ್ತೆ ನೂಲಾಗಿಸಿ ಕಂಬಳಿ ನೇಯುತ್ತಾರೆ. ತೊಡಕಾಗುವುದು ಈಚಿನ ಅಗ್ಗದ ಮಿಶ್ರ ನೂಲಿನ ಉಡುಪುಗಳಿಂದ. ನಾಲ್ಕು ಒಗೆತಕ್ಕೆ ರೂಪಗೆಡುವ ಆ ಬಟ್ಟೆ ಮರುಮಾರಾಟಕ್ಕೂ ಬಾರದು, ನೀರು ಹೀರದ ಕಾರಣ ಒರೆಸುವುದಕ್ಕೂ ಆಗದು. ಬಹುಮಹಡಿ ಕಟ್ಟಡಗಳ ಕಾವಲುಗಾರರು ಒಳಗೆ ಬಿಡದಿರುವುದರ ಜತೆಗೆ ಬೋಹಾರೀಣಳ ಕಸುಬಿಗೆ ಕುತ್ತು ತಂದಿರುವುದು ಇದೇ ಎಂದು ನಮಗನಿಸುತ್ತದೆ.

ಹರಿದ ಸೀರೆಗೆ ಮರುಜನ್ಮ ಕೊಡುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಕೌದಿ ಎಲ್ಲರಿಗೂ ಪರಿಚಿತ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ‘ಕವಂದಿ’ಯಂತೂ ವಿದೇಶದ ಪ್ರದರ್ಶನಗಳಲ್ಲಿಯೂ ಮನ್ನಣೆ ಪಡೆದಿದೆ.

ಊರಿನಲ್ಲಿ ನಾವು ಗುಜರಿ ಎನ್ನುವುದಕ್ಕೆ ಇಲ್ಲಿ ಭಂಗಾರ್ ಎನ್ನುತ್ತಾರೆ. ಹೊಸದಾಗಿ ಮುಂಬಯಿಗೆ ಬಂದ ಕನ್ನಡಿಗರಿಗೆ ‘ಭಂಗಾರ್‌ವಾಲಾ’ನ ಕೂಗು ಬಂಗಾರದಂತೆ ಕೇಳಿಸಿ ನಗೆಯುಕ್ಕಿಸುವುದುಂಟು. ಆದರೆ ಧಾರಾವಿಯ ‘ತೇರಾ ಕಂಪೌಂಡ್’ ಅಂದರೆ ಹದಿಮೂರನೇ ಕಂಪೌಂಡಿನ ಗಲ್ಲಿಗಳನ್ನು ನೋಡಿದವರು ಆ ಹೆಸರು ತಪ್ಪಲ್ಲವೆಂದೇ ಹೇಳಿಯಾರು. ರದ್ದಿ ಅಂಗಡಿಗಳಿಂದ, ಕಸ ಆಯುವವರಿಂದ ಬಂದ ಪ್ಲಾಸ್ಟಿಕ್ಕನ್ನು ಅಲ್ಲಿ ಕೈಯಿಂದಲೇ ವಿಂಗಡಿಸುತ್ತಾರೆ. ತುಂಡನ್ನು ಬಾಗಿಸಿ, ಬಡಿದು ಸದ್ದು ಕೇಳಿ, ಬೇಕಾದರೆ ತುದಿ ಸುಟ್ಟು ವಾಸನೆ ನೋಡಿ ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಹೇಳಬಲ್ಲ ಕುಶಲಿಗಳಿದ್ದಾರೆ. ಬಣ್ಣಕ್ಕನುಗುಣವಾಗಿ ಬೇರ್ಪಟ್ಟ ಪ್ಲಾಸ್ಟಿಕ್ ಯಂತ್ರದಲ್ಲಿ ಚೂರಾಗಿ, ತೊಳೆದು, ತಗಡಿನ ಮಾಡಿನ ಮೇಲೆ ಬಿಸಿಲಿಗೆ ಒಣಗಿ, ಕೊನೆಗೆ ಕರಗಿ ಕಾಳಾಗಿ ಕಾರ್ಖಾನೆಗಳಿಗೆ ಹೋಗುತ್ತದೆ. ನಮ್ಮ ಹೊಟೇಲು ಉದ್ಯಮದವರು ಬಳಸಿ ಬಿಟ್ಟಂಥ ಎಣ್ಣೆ ಡಬ್ಬಗಳೂ ಇಲ್ಲಿ ಬಿಸಿನೀರಿನಲ್ಲಿ ತೊಳೆದು, ತಗ್ಗು ತಟ್ಟಿ, ಮರಳಿ ಮಾರುಕಟ್ಟೆಗೆ ಹೋಗುತ್ತವೆ.

ಇದರಲ್ಲಿ ಹೊಗಳುವುದಕ್ಕೆ ಮಾತ್ರವೇ ವಿಷಯವಿಲ್ಲ. ಹೊಗೆ, ಧೂಳು, ಕೈಗವಸಿಲ್ಲದ ದುಡಿಮೆ, ವಿಮೆ-ಪಿಂಚಣಿಯಿಲ್ಲದ ಬದುಕು ಅದೇ ಗಲ್ಲಿಗಳ ಇನ್ನೊಂದು ಮುಖ. ಧಾರಾವಿಯ ಪುನರಭಿವೃದ್ಧಿಯ ಟೆಂಡರಿನಲ್ಲಿ 2022ರ ನವೆಂಬರ್‌ನಲ್ಲಿ ಅದಾನಿ ಸಮೂಹವು ಮುಂದೆ ಬಂದು, 2023ರಲ್ಲಿ ಸರಕಾರವು ಆ ಹೊಣೆಯನ್ನು ಅದಕ್ಕೆ ವಿಧ್ಯುಕ್ತವಾಗಿ ವಹಿಸಿತು. ಮನೆಗಳ ಲೆಕ್ಕಾಚಾರ ಪತ್ರಿಕೆಗಳಲ್ಲಿ ಪದೇ ಪದೇ ಬರುತ್ತಿದೆ. ಆದರೆ ಬಿಸಿಲು ಬೀಳುವ ಮಾಡು, ಲಾರಿ ನಿಲ್ಲುವ ಓಣಿ, ಅಗ್ಗದ ಬಾಡಿಗೆಯ ಗೋದಾಮು ಇವು ಇಲ್ಲದೆ ಈ ವೃತ್ತಿ ನಡೆಯದು. ಗಗನಚುಂಬಿ ಕಟ್ಟಡದ ಹನ್ನೆರಡನೇ ಮಾಳಿಗೆಯಲ್ಲಿ ಪ್ಲಾಸ್ಟಿಕ್ ತೊಳೆಯಲಾಗದು. ಇವರು ಚದುರಿದರೆ ನಗರದ ಒಣಕಸ ನೇರವಾಗಿ ಕಸದ ಗುಡ್ಡಕ್ಕೇ ಹೋಗಬೇಕಾದೀತು ಎಂಬ ಆತಂಕ ನಿರಾಧಾರವಲ್ಲ.

ಕಸ ಆಯುವ ಮಹಿಳೆಯರನ್ನು ಸಂಘಟಿಸಿದ ಸಂಸ್ಥೆಗಳಲ್ಲಿ ‘ಸ್ತ್ರೀಮುಕ್ತಿ ಸಂಘಟನಾ’ ಅಗ್ರಗಣ್ಯವಾದುದು. 1975ರಲ್ಲಿ ಸ್ಥಾಪನೆಯಾದ ಈ ಸಂಘಟನೆಯ ಹೆಸರು ಜನಸಾಮಾನ್ಯರನ್ನು ತಲುಪಿದ್ದು ಜ್ಯೋತಿ ಮ್ಹಾಪಸೇಕರ್ ಅವರು ಬರೆದ ‘ಮುಲಗಿ ಝಾಲಿ ಹೋ’ ಎಂಬ ಮರಾಠಿ ನಾಟಕದ ಮೂಲಕ. ಬಳಿಕ ‘ಪರಿಸರ ವಿಕಾಸ’ ಎಂಬ ಕಾರ್ಯಕ್ರಮದಡಿ ಈ ಮಹಿಳೆಯರಿಗೆ ಗುರುತುಚೀಟಿ, ಉಳಿತಾಯ ಗುಂಪು, ಗೊಬ್ಬರ ತಯಾರಿ ಹಾಗೂ ಜೈವಿಕ ಅನಿಲ ಘಟಕಗಳ ತರಬೇತಿ ಲಭಿಸಿತು. 2017ರ ಅಕ್ಟೋಬರ್ 2ರಿಂದ ದಿನಕ್ಕೆ 100 ಕಿಲೋಗಿಂತ ಅಧಿಕ ಕಸ ಹೊರಹಾಕುವ ಅಥವಾ 20,000 ಚದರ ಮೀಟರ್‌ಗೂ ಮಿಕ್ಕಿದ ದೊಡ್ಡ ಸೊಸೈಟಿಗಳು ತಮ್ಮ ಹಸಿಕಸವನ್ನು ತಾವೇ ಸಂಸ್ಕರಿಸಬೇಕೆಂದು ಮಹಾನಗರಪಾಲಿಕೆ ವಿಧಿಸಿದಾಗ ಇಂತಹ ತರಬೇತಿ ಪಡೆದವರ ಅಗತ್ಯ ಎದ್ದು ಕಂಡಿತು.

ಬಟ್ಟೆಯ ವಿಷಯದಲ್ಲಿ ಇಂದು ಹೆಚ್ಚು ಕೇಳಿಬರುವ ಹೆಸರು ‘ಗೂಂಜ್’. ಅಂಶು ಗುಪ್ತ ಅವರು 1999ರಲ್ಲಿ ದಿಲ್ಲಿಯಲ್ಲಿ ಆರಂಭಿಸಿದ ಈ ಸಂಸ್ಥೆ ಮುಂಬಯಿಯಲ್ಲೂ ಕಾರ್ಯನಿರತವಾಗಿದೆ. ಸ್ವಂತ ಮನೆಯ ಕಪಾಟಿನಿಂದ ಹೊರತೆಗೆದ 67 ಬಟ್ಟೆಗಳೇ ಅದರ ಮೊದಲ ಬಂಡವಾಳವೆಂದು ಅವರು ಹೇಳಿಕೊಂಡಿದ್ದಾರೆ. 2015ರಲ್ಲಿ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಗೂಂಜ್‌ನ ವೈಶಿಷ್ಟ್ಯವೇನೆಂದರೆ ಬಟ್ಟೆಯನ್ನು ಅದು ಭಿಕ್ಷೆಯಂತೆ ಹಂಚುವುದಿಲ್ಲ. ಗ್ರಾಮಸ್ಥರು ತಮ್ಮೂರಿಗೆ ಬೇಕಾದ ಕೆಲಸವನ್ನು ತಾವೇ ಆರಿಸಿ, ಬಾವಿ ತೋಡಿ, ಕೆರೆಯ ಹೂಳೆತ್ತಿ, ಬಿದಿರಿನ ಸೇತುವೆ ಕಟ್ಟಿದಾಗ ಅವರ ದುಡಿಮೆಯ ಗೌರವಾರ್ಥವಾಗಿ ಬಟ್ಟೆ ಮತ್ತು ಗೃಹೋಪಯೋಗಿ ವಸ್ತುಗಳ ಕಟ್ಟು ದೊರೆಯುತ್ತದೆ. ಉಡಲಾಗದ ಹಳೆಯ ಹತ್ತಿ ಸೀರೆ, ಬೆಡ್‌ಶೀಟುಗಳನ್ನು ಶುಚಿಗೊಳಿಸಿ, ಕತ್ತರಿಸಿ, ಮಹಿಳೆಯರ ಮುಟ್ಟಿನ ದಿನಗಳಿಗೆ ಬೇಕಾದ ಬಟ್ಟೆಯ ಪ್ಯಾಡುಗಳನ್ನು ತಯಾರಿಸುತ್ತಾರೆ. ಬೂದಿ, ಗೋಣಿಚೀಲಗಳನ್ನು ಬಳಸುವ ದುಃಸ್ಥಿತಿಯಲ್ಲಿ ಇರುವ ಹೆಂಗಸರ ಬಗ್ಗೆ ನಮ್ಮ ಸಂಘಗಳ ವೇದಿಕೆಯಲ್ಲಿ ಮಾತನಾಡಲು ಹಿಂಜರಿಕೆ ಇದೆ. ಆದರೆ ಮನೆಯ ಮೃದುವಾದ ಹಳೇ ನೂಲಿನ ಸೀರೆಗೆ ಇದಕ್ಕಿಂತ ಸಾರ್ಥಕವಾದ ಉಪಯೋಗ ನಮಗಂತೂ ತೋಚುವುದಿಲ್ಲ.

2004ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಗೆ ದೇಶದೆಲ್ಲೆಡೆಯಿಂದ ಬಂದ ಬಟ್ಟೆಗಳ ರಾಶಿ ರಸ್ತೆಬದಿಯಲ್ಲೇ ಬಿದ್ದು ಕೊಳೆತದ್ದನ್ನೂ, ಅದನ್ನು ವಿಂಗಡಿಸಿ ಬಳಕೆಗೆ ತರಲು ಗೂಂಜ್ ಶ್ರಮಿಸಿದುದನ್ನೂ ಇಲ್ಲಿ ನೆನೆಯಬೇಕು. ಕೊಡುವವರ ಔದಾರ್ಯಕ್ಕೆ ಕೊರತೆಯಿರಲಿಲ್ಲ, ವಿವೇಚನೆಗೆ ಇತ್ತು. ಮೀನುಗಾರ ಕುಟುಂಬಗಳಿಗೆ ಅವರು ಉಡದಂಥ ಉಡುಪು ಕಳುಹಿಸಿ ಏನು ಪ್ರಯೋಜನ? ಆದ್ದರಿಂದ ಕೊಡುವಾಗ ಒಗೆದು ಮಡಚಿ ಕೊಡಬೇಕು. ಚಪ್ಪಲಿಯ ಜೋಡಿಯನ್ನು ಒಟ್ಟಿಗೆ ಕಟ್ಟಬೇಕು. ರವಿಕೆ ಸೀರೆಯ ಜತೆಗೇ ಹೋಗಬೇಕು. ಜರಿ ಅಂಚಿನ ಹಳೆಯ ರೇಷ್ಮೆ ಸೀರೆಯಾದರೆ ಅದರಲ್ಲಿನ ಬೆಳ್ಳಿಗಾಗಿ ಕೊಳ್ಳುವ ವ್ಯಾಪಾರಿಗಳೇ ಬೇರೆ. ನಾಲ್ಕು ಕಡೆ ಬೆಲೆ ವಿಚಾರಿಸಿಯೇ ಕೊಡುವುದು ಲೇಸು.

ಪಾಶ್ಚಾತ್ಯ ದೇಶಗಳಲ್ಲಿ ಈ ಕಾರ್ಯ ಅಂಗಡಿಗಳ ರೂಪದಲ್ಲಿ ಬೆಳೆದಿದೆ. ಅಮೆರಿಕದ ಬಾಸ್ಟನ್‌ನಲ್ಲಿ 1902ರಲ್ಲಿ ಹುಟ್ಟಿದ ಗುಡ್‌ವಿಲ್, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನ ಬ್ರಾಡ್ ಸ್ಟ್ರೀಟಿನಲ್ಲಿ 1947ರಲ್ಲಿ ಮೊದಲ ಅಂಗಡಿ ತೆರೆದ ಆಕ್ಸ್‌ಫ್ಯಾಮ್ ಇದಕ್ಕೆ ನಿದರ್ಶನಗಳು. ಅಲ್ಲಿ ಬಟ್ಟೆ, ಪುಸ್ತಕ, ಪಿಂಗಾಣಿ ದಾನವಾಗಿ ಬಂದು ಮಾರಾಟವಾಗಿ, ಹಣ ಸೇವಾಕಾರ್ಯಕ್ಕೆ ಹೋಗುತ್ತದೆ. ನಮ್ಮಲ್ಲಿ ಇನ್ನೊಬ್ಬರು ಉಟ್ಟ ಬಟ್ಟೆಯನ್ನು ಹಣ ತೆತ್ತು ಕೊಳ್ಳಲು ಮಧ್ಯಮವರ್ಗಕ್ಕೆ ಸಂಕೋಚವಿದೆ. ಅಕ್ಕನ ಸೀರೆಯನ್ನು ತಂಗಿ ಸಂತೋಷದಿಂದ ಉಡುತ್ತಾಳೆ. ಅಪರಿಚಿತರದ್ದಾದರೆ ಮಡಿ-ಮೈಲಿಗೆಯ ಲೆಕ್ಕ ಎದ್ದು ಬರುತ್ತದೆ. ಮರದ ಸಾಮಾನಿಗೆ ಮಾತ್ರ ಈ ಸಂಕೋಚ ಅನ್ವಯಿಸದು. ಭೇಂಡಿ ಬಜಾರಿನ ಬಳಿಯ ಮಟನ್ ಸ್ಟ್ರೀಟಿನ ಚೋರ್ ಬಜಾರಿನಲ್ಲಿ ಗ್ರಾಮಫೋನು, ಗೋಡೆ ಗಡಿಯಾರ, ತೇಗದ ಮೇಜುಗಳನ್ನು ಹುಡುಕಿ ಬರುವ ಶ್ರೀಮಂತರಿಗೇನೂ ಕಡಿಮೆಯಿಲ್ಲ. ‘ಶೋರ್’ ಅಂದರೆ ಗದ್ದಲದ ಬಜಾರು ಎಂಬುದೇ ಮೂಲ ಹೆಸರೆಂದು ಹಲವರು ಹೇಳುತ್ತಾರೆ. ಅಲ್ಲಿನ ಚೌಕಾಸಿಯ ಸದ್ದು ಕೇಳಿದರೆ ನಂಬುವಂತೆಯೇ ಇದೆ.

ಇನ್ನು ಪುಸ್ತಕಗಳು. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ನಮ್ಮ ಹಿರಿಯ ತಲೆಮಾರಿನ ಅನೇಕರು ಹೊಸ ಪಠ್ಯಪುಸ್ತಕ ಕಂಡವರಲ್ಲ. ಒಬ್ಬರು ಓದಿದ್ದು ಮುಂದಿನ ವರ್ಷ ಇನ್ನೊಬ್ಬರ ಕೈಗೆ ಹೋಗುತ್ತಿತ್ತು. ಫ್ಲೋರಾ ಫೌಂಟನ್ ಹಾಗೂ ಮಾಟುಂಗಾದ ಕಿಂಗ್ಸ್ ಸರ್ಕಲ್ ಕಾಲುದಾರಿಯ ಹಳೆ ಪುಸ್ತಕದ ವ್ಯಾಪಾರಿಗಳು ವಿದ್ಯಾರ್ಥಿಗಳ ಪಾಲಿನ ಗ್ರಂಥಾಲಯಗಳೇ ಆಗಿದ್ದರು. 2005ರಲ್ಲಿ ಪಾಲಿಕೆಯ ತೆರವು ಕಾರ್ಯಾಚರಣೆಯಿಂದ ಫೌಂಟನ್‌ನ ಸಾಲು ಬಹಳ ಕ್ಷೀಣಿಸಿತು. ಆದರೆ ಅಂಥಲ್ಲಿಯೂ ಕನ್ನಡ ಪುಸ್ತಕಕ್ಕೆ ಗಿರಾಕಿ ದುರ್ಲಭ. ಆದುದರಿಂದ ತಂದೆಯವರು ಕೂಡಿಟ್ಟ ಕನ್ನಡ ಕಪಾಟು, ಮಕ್ಕಳಿಗೆ ಲಿಪಿ ಬಾರದೆ, ರದ್ದಿಯವನ ತಕ್ಕಡಿಗೇರುತ್ತದೆ. ಅಲ್ಲಿ ಕಾದಂಬರಿಗೂ ನಿನ್ನೆಯ ದಿನಪತ್ರಿಕೆಗೂ ಕಿಲೋ ಲೆಕ್ಕ.

ಪ್ರಸಿದ್ಧ ಲೇಖಕರ ಕೃತಿಗಳ ಬಗ್ಗೆ ನಮಗೆ ಅಷ್ಟು ಚಿಂತೆಯಿಲ್ಲ. ಅವು ಮರುಮುದ್ರಣ ಕಾಣುತ್ತವೆ. ಚಿಂತೆ ಸಂಘಗಳ ಸ್ಮರಣ ಸಂಚಿಕೆಗಳದ್ದು, ರಾತ್ರಿಶಾಲೆಗಳ ವಾರ್ಷಿಕ ವರದಿಗಳದ್ದು, ‘ಮೊಗವೀರ’, ‘ಅಕ್ಷಯ’ದಂತಹ ಇಲ್ಲಿನ ಮಾಸಿಕಗಳ ಹಳೆಯ ಸಂಚಿಕೆಗಳದ್ದು, ಯಕ್ಷಗಾನ ಮತ್ತು ನಾಟಕಗಳ ಕರಪತ್ರಗಳದ್ದು. ಯಾರು ಯಾವಾಗ ಇಲ್ಲಿಗೆ ಬಂದರು, ಯಾವ ಶಾಲೆ ಯಾರ ದೇಣಿಗೆಯಿಂದ ನಡೆಯಿತು ಎಂಬುದು ದಾಖಲಾಗಿರುವುದು ಅವುಗಳಲ್ಲಿ ಮಾತ್ರ. ಒಮ್ಮೆ ಗಿರಣಿಯಲ್ಲಿ ತಿರುಳಾದರೆ ಇನ್ನೊಂದು ಪ್ರತಿ ಸಿಕ್ಕೀತೆಂಬ ಭರವಸೆಯಿಲ್ಲ. ಮನೆ ಬಿಡುವ ಮುನ್ನ ಇಂತಹವನ್ನು ಪ್ರತ್ಯೇಕ ಗಂಟು ಕಟ್ಟಿ, ಪುಸ್ತಕದ ಹೆಸರು, ವರ್ಷ, ಪ್ರಕಾಶಕರ ಒಂದು ಪಟ್ಟಿ ಬರೆದು, ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವನ್ನೋ, ಮಾಟುಂಗಾದ ಮೈಸೂರು ಅಸೋಸಿಯೇಶನ್ ಅಥವಾ ಕರ್ನಾಟಕ ಸಂಘವನ್ನೋ ಮೊದಲು ವಿಚಾರಿಸುವುದು ಒಳ್ಳೆಯದು. ಎಲ್ಲ ಕಡೆಯೂ ಸ್ಥಳಾಭಾವವಿರುವುದರಿಂದ ಚೀಲ ಹೊತ್ತು ನೇರವಾಗಿ ಹೋಗುವುದು ಬೇಡ. ಪಟ್ಟಿ ನೋಡಿ ಅವರು ತಮ್ಮಲ್ಲಿಲ್ಲದ್ದನ್ನು ಆರಿಸಿಕೊಳ್ಳಲಿ. ಉಳಿದದ್ದನ್ನು ಗೆದ್ದಲು ಹಿಡಿದಿಲ್ಲವೆಂದು ಖಚಿತಪಡಿಸಿಕೊಂಡು ಊರಿನ ಶಾಲೆಗೋ ಗ್ರಾಮದ ಗ್ರಂಥಾಲಯಕ್ಕೋ ಕಳುಹಿಸಬಹುದು.