ಒಳಚರಂಡಿ

ಬಚ್ಚಲು, ಅಡುಗೆಮನೆ, ಪಾಯಖಾನೆಗಳ ಕೊಳಚೆಯನ್ನು ನೆಲದಡಿಯ ಕೊಳವೆಗಳಲ್ಲಿ ಊರಾಚೆಗೆ ಸಾಗಿಸುವ ವ್ಯವಸ್ಥೆ, ಆಡುಮಾತಿನಲ್ಲಿ ಯುಜಿಡಿ. ಇದು ನಡೆಯುವುದು ಬಹುಪಾಲು ಇಳಿಜಾರಿನ ಬಲದಿಂದಲೇ. ಕೊಳವೆಗೆ ಕೊಟ್ಟ ವಾಟ ಸಾಲದಿದ್ದರೆ ಗಸಿ ತಳದಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ನೀರು ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗದಲ್ಲಾದರೂ ಹರಿದರೆ ಗಸಿಯನ್ನು ತಾನೇ ಕೊಚ್ಚಿಕೊಂಡು ಹೋಗುತ್ತದೆ. ಮನೆಯೊಳಗೆ ದುರ್ನಾತ ನುಗ್ಗದಂತೆ ತಡೆಯುವುದು ಕೊಳವೆಯ ಬಾಗಿನಲ್ಲಿ ಸದಾ ನಿಂತಿರುವ ಒಂದಿಷ್ಟು ನೀರು. ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಬೀಗ ಹಾಕಿದ್ದ ಮನೆಯ ಬಾಗಿಲು ತೆರೆದೊಡನೆ ಬಚ್ಚಲು ನಾರುವುದು ಈ ನೀರು ಆರಿಹೋಗಿರುವುದರಿಂದ. ಇಂಥ ಬಾಗುಳ್ಳ ಕಕ್ಕಸಿಗೆ ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮ್ಮಿಂಗ್ 1775ರಲ್ಲಿ ಪೇಟೆಂಟ್ ಪಡೆದ.

ಸುಮಾರು 4,500 ವರ್ಷಗಳ ಹಿಂದೆಯೇ ಮೊಹೆಂಜೊದಾರೊದ ಮನೆಗಳ ಬಚ್ಚಲ ನೀರು ಬೀದಿಯ ಇಟ್ಟಿಗೆ ಚರಂಡಿಗಳಿಗೆ ಸೇರುತ್ತಿತ್ತು. ಅವುಗಳಿಗೆ ಮುಚ್ಚಳವೂ ಇತ್ತು. ಆಧುನಿಕ ಒಳಚರಂಡಿಗೆ ಮಾದರಿಯಾದುದು ಲಂಡನ್. ಅಲ್ಲಿ ನೀರು ಸುರಿಯುವ ಕಕ್ಕಸುಗಳು ಹೆಚ್ಚಿದಂತೆ ಮಲಗುಂಡಿಗಳು ತುಂಬಿ ಹರಿದವು, ಕೊಳಚೆಯೆಲ್ಲ ಥೇಮ್ಸ್ ನದಿ ಸೇರಿತು. ಜನ ಕುಡಿಯುತ್ತಿದ್ದುದೂ ಅದೇ ನದಿಯ ನೀರನ್ನು. ಕಾಲರಾ ನೀರಿನಿಂದ ಹರಡುತ್ತದೆಂದು ವೈದ್ಯ ಜಾನ್ ಸ್ನೋ 1854ರಲ್ಲಿ ಸಾಕ್ಷ್ಯ ಸಮೇತ ತೋರಿಸಿದರೂ ಹೆಚ್ಚಿನವರು ನಂಬಲಿಲ್ಲ. ರೋಗ ತರುವುದು ಕೆಟ್ಟ ಗಾಳಿ ಎಂದೇ ಅವರ ಗಟ್ಟಿ ನಂಬಿಕೆ. 1858ರ ಬೇಸಿಗೆಯಲ್ಲಿ ನದಿಯ ನಾತ ಪಾರ್ಲಿಮೆಂಟಿನೊಳಗೇ ಹೊಕ್ಕಾಗ ಸಂಸದರು ನದಿಯನ್ನು ಶುಚಿಗೊಳಿಸಲು ತರಾತುರಿಯಲ್ಲಿ ಕಾಯಿದೆ ಮಾಡಿದರು.

ಕೆಲಸ ಇಂಜಿನಿಯರ್ ಜೋಸೆಫ್ ಬಜಾಲ್‌ಜೆಟ್‌ಗೆ ಬಂತು. ನದಿಗೆ ಬೀಳುತ್ತಿದ್ದ ಕಾಲುವೆಗಳನ್ನು ಅಡ್ಡಗಟ್ಟಿ, ಕೊಳಚೆಯನ್ನು ಪೂರ್ವಕ್ಕೆ ಒಯ್ಯುವ ಸುಮಾರು 132 ಕಿ.ಮೀ. ಉದ್ದದ ಇಟ್ಟಿಗೆ ಸುರಂಗಗಳನ್ನು ಆತ ಕಟ್ಟಿಸಿದ. ಹಲವು ಸುರಂಗಗಳ ಆಕಾರ ಚೂಪು ತುದಿ ಕೆಳಗಾಗಿ ನಿಲ್ಲಿಸಿದ ಮೊಟ್ಟೆಯಂತೆ. ನೀರು ಕಡಿಮೆಯಿದ್ದಾಗಲೂ ಇಕ್ಕಟ್ಟಾದ ತಳದಲ್ಲಿ ಅದರ ಆಳವೂ ವೇಗವೂ ಉಳಿಯುತ್ತವೆ, ಗಸಿ ನಿಲ್ಲುವುದಿಲ್ಲ. ಇಷ್ಟು ಸರಳ, ಇಷ್ಟು ಸುಂದರ ಉಪಾಯ ಕಟ್ಟಡ ವಿದ್ಯೆಯಲ್ಲಿ ಅಪರೂಪ. 1866ರಲ್ಲಿ ಮತ್ತೆ ಕಾಲರಾ ಬಂದಾಗ ಅದರ ಹೊಡೆತ ಬಿದ್ದುದು ಹೆಚ್ಚಾಗಿ, ಹೊಸ ವ್ಯವಸ್ಥೆ ಇನ್ನೂ ತಲುಪಿರದ ಪೂರ್ವ ಲಂಡನ್ನಿನ ಬಡವರ ಕೇರಿಗಳ ಮೇಲೆ. ಆದರೂ ಸುರಂಗಗಳ ಕೊನೆಯಲ್ಲಿ ಸಂಸ್ಕರಣೆಯಿರಲಿಲ್ಲ. ಕೊಳಚೆ ಊರಿನ ಕೆಳಗಡೆ ಅದೇ ನದಿಗೆ ಬೀಳುತ್ತಿತ್ತು.

ಭಾರತದಲ್ಲಿ ಕಟ್ಟಿಕೊಂಡ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವ ಕ್ರೂರ ರೂಢಿ ಒಳಚರಂಡಿಯ ಜೊತೆಗೇ ಬೆಳೆಯಿತು. ಇಳಿದವರು ಹೆಚ್ಚಾಗಿ ದಲಿತರು. ಮುಚ್ಚಳದಡಿ ಸೇರಿಕೊಂಡ ಹೈಡ್ರೋಜನ್ ಸಲ್ಫೈಡ್ ಅನಿಲ ಕ್ಷಣಗಳಲ್ಲಿ ಎಚ್ಚರ ತಪ್ಪಿಸುತ್ತದೆ, ಎತ್ತಲು ಇಳಿದವನೂ ಎಷ್ಟೋ ಸಲ ಮೇಲೆ ಬರುವುದಿಲ್ಲ. ರಕ್ಷಣಾ ಸಲಕರಣೆಯಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಸಾವುಗಳು ಇನ್ನೂ ನಿಂತಿಲ್ಲ.

ಬೆಂಗಳೂರಿನಲ್ಲಿ 1964ರಿಂದ ಒಳಚರಂಡಿಯ ಹೊಣೆ ಜಲಮಂಡಳಿಯದು. ಊರು ದಿಣ್ಣೆಯ ಮೇಲಿರುವುದರಿಂದ ಕೊಳಚೆ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಮೂರು ಕಣಿವೆಗಳತ್ತ ಇಳಿಯುತ್ತದೆ. ಬೆಳ್ಳಂದೂರು ಕೆರೆಯ ನೊರೆ, ವೃಷಭಾವತಿಯ ಕಪ್ಪು ನೀರು ಈ ಇಳಿಜಾರಿನ ಕೊನೆಯಲ್ಲಿರುವವರ ಪಾಲಿಗೆ ಬಂದವು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಎರಡು ಹಂತಗಳಲ್ಲಿ ಸಂಸ್ಕರಿಸಿದ ನೀರನ್ನು ಪಂಪುಗಳಿಂದ ಎತ್ತಿ ಕೋಲಾರದ ಒಣಗಿದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಮೂರನೇ ಹಂತದ ಸಂಸ್ಕರಣೆಯೂ ಆಗಬೇಕೆಂದು ಅಲ್ಲಿನ ರೈತರು ಒತ್ತಾಯಿಸುತ್ತ ಬಂದಿದ್ದಾರೆ.