ತುಕ್ಕು ಹಿಡಿದ ತಿರುಪು

ಬಡವನಹಳ್ಳಿಯ ನಮ್ಮ ದೊಡ್ಡಪ್ಪನವರ ಮನೆಯಲ್ಲಿ ಒಂದು ಕೇಪಿನ ಬಂದೂಕಿತ್ತು. ಬೆಳೆ ಕಾಯುವ ರೈತನಿಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಇಂತಹ ಬಂದೂಕಿನ ಪರವಾನಗಿ ನೀಡಲು 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಅವಕಾಶವಿದೆ.

ಒಂದು ಆಯುಧಪೂಜೆಗೆ ಅದನ್ನು ಬಿಚ್ಚಿ ಒರೆಸುವ ಕೆಲಸ ನನ್ನ ಪಾಲಿಗೆ ಬಂದಿತು. ಕುದುರೆಯ ಪಕ್ಕದ ತಿರುಪು ಮಿಸುಕಲಿಲ್ಲ. ಅಳತೆಗೊಗ್ಗದ ತಿರುಪುಳಿಯಿಂದ ಬಲವಾಗಿ ತಿರುವಿದೆ. ತಲೆಯ ಗೀರೇ ಸವೆದುಹೋಯಿತು. (ಅವಸರ ಕೂಡದೆಂದು ತರಗತಿಯಲ್ಲಿ ಗದರಿಸಿಕೊಂಡ ನನ್ನ ಶಿಷ್ಯರು ಈಗ ನಗಬಹುದು.)

ಊರಿನ ಆಚಾರರು ಮೊದಲು ಕೇಳಿದ್ದು, "ಒಳಗೆ ಮದ್ದಿದೆಯೇನಪ್ಪ?" ಎಂದು. ನಾನು ನೋಡಿರಲೇ ಇಲ್ಲ! ಅವರು ಗಜವನ್ನು ನಳಿಗೆಗಿಳಿಸಿ, ಹೊರತೆಗೆದು ಪಕ್ಕದಲ್ಲಿಟ್ಟು ಅಳೆದು, ಬರಿದೆಂದು ಖಚಿತವಾದ ಮೇಲೆಯೇ ತಿರುಪಿಗೆ ಸೀಮೆಎಣ್ಣೆ ಹನಿಸಿ ಒಂದು ರಾತ್ರಿ ಬಿಟ್ಟರು. ಮರುದಿನ ಸಣ್ಣ ಅರದಿಂದ ಗೀರನ್ನು ಆಳಗೊಳಿಸಿ, ತಿರುಪುಳಿಯ ತುದಿಯನ್ನು ಅದಕ್ಕೊಪ್ಪುವಂತೆ ಉಜ್ಜಿ, ಮೆಲ್ಲನೆ ತಟ್ಟಿ ತಿರುಗಿಸಿದರು.

ಬದಲಿ ತಿರುಪು ಪೇಟೆಯಲ್ಲಿ ಸಿಗುವಂತಿರಲಿಲ್ಲ. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ತಿರುಪಿನ ಸುತ್ತುಗಳಿಗೆ ಏಕರೂಪದ ಅಳತೆಯನ್ನು ಸೂಚಿಸಿದನಾದರೂ, ಕೈಯಿಂದ ಮಾಡಿದ ನಾಡಬಂದೂಕಿಗೆ ಅದರ ಹಂಗೇನು? ಅದಕ್ಕೂ ಹಿಂದಿನ ಬತ್ತಿಬಂದೂಕುಗಳಲ್ಲಂತೂ ನಳಿಗೆಯನ್ನು ಮರಕ್ಕೆ ತಂತಿ, ತೊಗಲಿನ ಪಟ್ಟಿಗಳಿಂದಲೇ ಬಿಗಿಯುತ್ತಿದ್ದುದುಂಟು.

ಆಚಾರರು ಆ ಹಳೆಯ ತಿರುಪಿಗೇ ಎಣ್ಣೆ ಸವರಿ, ಅದೇ ತೂತಿನಲ್ಲಿ ಕೂರಿಸಿ, ಬಂದೂಕನ್ನು ನನ್ನ ಕೈಗಲ್ಲ, ದೊಡ್ಡಪ್ಪನವರ ಕೈಗೆ ಕೊಟ್ಟರು.